ಮರಳಿ ಬರುತ್ತೇನೆ ಎಂಬುದಕ್ಕೆ ಪುರಾವೆ

ಜರ್ಮನಿಯಿಂದ ಬಂದ ಮೇಲೆ ನಮ್ಮೂರಾದ ಸಿ.ಎಸ್. ಪುರದಲ್ಲಿ ಸಿಕ್ಕವರೆಲ್ಲ ಕೇಳುವುದು ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ, ರಸ್ತೆ ಅಷ್ಟು ಚೊಕ್ಕಟವಾಗಿರುತ್ತಂತಲ್ಲ ಎಂದೇ. ನಾನೂ ಸಂತೋಷದಿಂದ ಹೇಳುತ್ತೇನೆ. ಹೇಳಿ ಮುಗಿಸಿ ಮನೆಗೆ ಬಂದಾಗ ಮಾತ್ರ ರೈನ್ ನದಿಯ ಮೇಲಿನ ಒಂದು ಸೇತುವೆ ನೆನಪಾಗಿ ಮನಸ್ಸು ಕದಡುತ್ತದೆ. ಈಚೆ ದಡದಲ್ಲಿ ಜರ್ಮನಿಯ ಕೇಲ್, ಆಚೆ ದಡದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಆ ಸೇತುವೆಯ ನಡುವೆ ನನಗೆ ಎದುರಾಗಬೇಕಿದ್ದ ಬಾಲ್ಯದ ಗೆಳೆಯ ಅವತ್ತು ಕಲ್ಲೂರು ಕಡೆಯ ತನ್ನ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದ. ಅವನಿಗೆ ವೀಸಾ ಆಗಲಿಲ್ಲ. ಪಾಸ್‌ಪೋರ್ಟಿನ ಜೊತೆ ಬಂದ ಹಾಳೆಯಲ್ಲಿ ಕಾರಣಗಳ ಪಟ್ಟಿಯಿತ್ತು, ಒಂದು ಚೌಕಕ್ಕೆ ಗುರುತು ಹಾಕಿತ್ತು. ವೀಸಾದ ಗಡುವು ಮುಗಿಯುವುದರೊಳಗೆ ಈತ ಹೊರಟುಹೋಗುತ್ತಾನೆ ಎಂಬುದರ ಬಗ್ಗೆ ಸಕಾರಣವಾದ ಸಂಶಯವಿದೆ ಎಂದು ಅದರ ತಾತ್ಪರ್ಯ.

ಆ ಹಾಳೆಯನ್ನು ಅವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವನು ನಾನೇ. ಕೇಳಿಸಿಕೊಂಡು ಅವನು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಈ ತೋಟ ಬಿಟ್ಟು ನಾನೆಲ್ಲಿಗೆ ಓಡೋಗ್ಲಿ ಮೇಷ್ಟ್ರೇ?" ಎಂದ.

ನಾವಿಬ್ಬರೂ ಸಿ.ಎಸ್. ಪುರದ ಶಾಲೆಯಲ್ಲಿ ಜೊತೆಗೆ ಓದಿದವರು. ನಾನು ಕನ್ನಡ ಮೇಷ್ಟ್ರಾದೆ, ಅವನು ಅಪ್ಪನ ತೋಟಕ್ಕಿಳಿದ. ಅಂದಿನಿಂದ ಜೊತೆಗಾರನಾದರೂ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾನೆ. ನನ್ನ ಮಗಳು ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್. ಅವನ ಒಬ್ಬನೇ ಮಗ ಯೂರೋಪಿನ ಇನ್ನೊಂದು ದೇಶದಲ್ಲಿದ್ದಾನೆ, ಆ ದೇಶದ ಹೆಸರು ಇಲ್ಲಿ ಬೇಡ. ಅಲ್ಲಿ ಅವನಿಗೊಬ್ಬ ಮೊಮ್ಮಗಳು ಹುಟ್ಟಿದ್ದಳು. 2025ರ ಬೇಸಿಗೆಗೆ ಇಬ್ಬರೂ ಹೊರಡುವುದೆಂದು ಮಾತಾಯಿತು. ಅವನು ಮಗನ ಹತ್ತಿರ, ನಾನೂ ನನ್ನಾಕೆಯೂ ಮಗಳ ಹತ್ತಿರ. ನಡುವೆ ಒಂದು ದಿನ ಎಲ್ಲಾದರೂ ಸೇರೋಣ, ಒಮ್ಮೆ ಒಳಗೆ ಹೋದರೆ ಅಲ್ಲಿ ದೇಶದಿಂದ ದೇಶಕ್ಕೆ ಬೇರೆ ವೀಸಾ ಬೇಕಿಲ್ಲ ಎಂದು ಮಕ್ಕಳೇ ಹೇಳಿದರು.

ಅದು ನಿಜ. ಲಕ್ಸೆಂಬರ್ಗಿನ ಮೊಸೆಲ್ ನದಿ ದಂಡೆಯಲ್ಲಿ ಷೆಂಗೆನ್ ಎಂಬ ಸಣ್ಣ ಹಳ್ಳಿಯಿದೆ. 1985ರ ಜೂನ್ 14ರಂದು ಅಲ್ಲಿ ನದಿಯಲ್ಲಿ ನಿಂತಿದ್ದ ಒಂದು ಹಡಗಿನಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್ ಮತ್ತು ಆಗಿನ ಪಶ್ಚಿಮ ಜರ್ಮನಿ ತಮ್ಮ ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತ ಹಂತವಾಗಿ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಬಲ್ಗೇರಿಯ ಮತ್ತು ರೊಮೇನಿಯ 2025ರ ಜನವರಿಯಲ್ಲಿ ಪೂರ್ತಿಯಾಗಿ ಸೇರಿಕೊಂಡ ಮೇಲೆ ಈಗ 29 ದೇಶಗಳಿವೆ. ನಮ್ಮಂಥವರಿಗೆ ಒಂದೇ ವೀಸಾದಲ್ಲಿ ಅಷ್ಟೂ ದೇಶ, ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ಹೀಗಾಗಿ ಅವನ ಕಡತ ಒಂದು ದೇಶಕ್ಕೆ ಹೋಯಿತು, ನಮ್ಮದು ಇನ್ನೊಂದಕ್ಕೆ.

ಪಾಸ್‌ಪೋರ್ಟಿನ ಕೆಲಸ ತುಮಕೂರಿನ ಅಂಚೆ ಕಚೇರಿಯಲ್ಲೇ ಮುಗಿಯಿತು. ಕಷ್ಟವಿದ್ದದ್ದು ಹೆಸರುಗಳಲ್ಲಿ. ನಮ್ಮ ಕಡೆಯ ಹೆಂಗಸರಿಗೆ ತವರಿನಲ್ಲಿ ಒಂದು ಹೆಸರು, ಮದುವೆಯಾದ ಮನೆಯಲ್ಲಿ ಇನ್ನೊಂದು. ನನ್ನಾಕೆಯ ಶಾಲೆಯ ಟಿ.ಸಿ.ಯಲ್ಲಿ, ಪಡಿತರ ಚೀಟಿಯಲ್ಲಿ, ಮಗಳ ಜನನ ಪ್ರಮಾಣಪತ್ರದಲ್ಲಿ ಮೂರು ಬಗೆಯಾಗಿತ್ತು. ಮೂವರೂ ಒಬ್ಬಳೇ ಎಂದು ಗುಬ್ಬಿಯಲ್ಲಿ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದೆವು. ಹೆತ್ತ ಮಗಳ ತಾಯಿ ತಾನೇ ಎಂದು ಸಹಿ ಹಾಕುವಾಗ ಅವಳ ಮುಖ ಬಾಡಿತ್ತು.

ಮಿಕ್ಕ ಕಾಗದಗಳಿಗೆ ಒಂದೊಂದಕ್ಕೂ ಒಂದು ಕಾರಣವಿದೆ. ಮೂವತ್ತು ಸಾವಿರ ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಅಲ್ಲಿ ಕಾಯಿಲೆ ಬಿದ್ದರೆ ಆ ದೇಶದ ಮೇಲೆ ಹೊರೆ ಬೀಳದಿರಲಿ ಎಂದು. ಮಗಳು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ಸಹಿ ಮಾಡಿಕೊಟ್ಟ ಹೊಣೆಪತ್ರ, ಅಪ್ಪ ಅಮ್ಮನ ಖರ್ಚೆಲ್ಲ ತನ್ನದು ಎಂದು. ಇವೆಲ್ಲಕ್ಕಿಂತ ತೂಕದ ಪ್ರಶ್ನೆ ಒಂದೇ: ನಿಮ್ಮ ದೇಶಕ್ಕೆ ನಿಮ್ಮನ್ನು ಎಳೆದು ತರುವಂಥದ್ದು ಏನಿದೆ, ತೋರಿಸಿ. ನನ್ನ ಉತ್ತರ ಸಲೀಸು. ಪಿಂಚಣಿ ಆದೇಶ ಇತ್ತು, ತಿಂಗಳು ತಿಂಗಳೂ ಹಣ ಬೀಳುವ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು, ನನ್ನ ಹೆಸರಿನಲ್ಲೇ ಮನೆಯಿತ್ತು.

ಅವನ ತೋಟದ ಪಹಣಿ ಮಾತ್ರ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿತ್ತು. ಅಣ್ಣ ತಮ್ಮಂದಿರು ಮಾತಿನಲ್ಲೇ ಭಾಗ ಮಾಡಿಕೊಂಡು, ಬದು ಹಾಕಿಕೊಂಡು, ಒಂದು ದಿನವೂ ಜಗಳವಿಲ್ಲದೆ ಬಾಳಿದ್ದರು. ಜಗಳವಿಲ್ಲದ ಕಾರಣಕ್ಕೇ ಯಾರೂ ಪೌತಿ ಖಾತೆಗೆ ಓಡಾಡಿರಲಿಲ್ಲ. ಕಾಯಿ ಮಾರಿದ ದುಡ್ಡು ವ್ಯಾಪಾರಿಯ ಕೈಯಿಂದ ಅವನ ಕೈಗೆ ನಗದಾಗಿ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವಾದ್ದರಿಂದ ಐಟಿ ರಿಟರ್ನ್ಸ್ ಎಂಬುದನ್ನು ಅವನು ಕಂಡವನೇ ಅಲ್ಲ. ಹೆಂಡತಿ ತೀರಿಕೊಂಡಿದ್ದಾಳೆ. ಇರುವ ಒಬ್ಬ ಮಗ ಆ ದೇಶದಲ್ಲೇ ಇದ್ದಾನೆ. ಅಧಿಕಾರಿಯ ಮೇಜಿನ ಮೇಲೆ ಈ ಕಡತವನ್ನು ಬಿಡಿಸಿಟ್ಟರೆ ಕಾಣುವವನು ಜಮೀನಿಲ್ಲದ, ಆದಾಯವಿಲ್ಲದ, ಊರಿನಲ್ಲಿ ತನ್ನವರೆಂಬವರಿಲ್ಲದ ಒಬ್ಬ ಮುದುಕ. ಅಷ್ಟು ದೂರದಲ್ಲಿ ಕೂತವರಿಗೆ ಆ ಕಾಗದಗಳಿಂದ ಸಂಶಯ ಬಂದದ್ದು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲ.

ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಒಂದೇ ದಿನ ಹೋಗಿದ್ದೆವು. ಆ ಕೇಂದ್ರಗಳದು ಕಾಗದ ತೆಗೆದುಕೊಂಡು, ಬೆರಳಚ್ಚು ಪಡೆದು ದಾಟಿಸುವ ಕೆಲಸ, ತೀರ್ಮಾನ ಕಾನ್ಸುಲೇಟಿನದು. ಗಾಜಿನ ಹಲಗೆಯ ಮೇಲೆ ಅವನು ನಾಲ್ಕು ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ. ಇಷ್ಟು ವರ್ಷ ಕಾಯಿ ಸುಲಿದು, ಹಗ್ಗ ಹೊಸೆದು, ಸಲಿಕೆ ಹಿಡಿದು ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಅಲ್ಲಿದ್ದ ಹುಡುಗಿ ತಾಳ್ಮೆಯವಳು. ಒದ್ದೆ ಕಾಗದದಲ್ಲಿ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿ, "ಸ್ವಲ್ಪ ಒತ್ತಿ ಹಿಡೀರಿ ಅಜ್ಜಾ" ಎಂದು ತಾನೇ ಕೈ ಹಿಡಿದು ಒತ್ತಿಸಿದಳು. ಕೊನೆಗೆ ಹತ್ತೂ ಮೂಡಿದವು. ಹೊರಗೆ ಬಂದು ಅವನು ಅಂಗೈ ಬಿಡಿಸಿ ನೋಡಿಕೊಂಡದ್ದು ನೆನಪಿದೆ. ಅವನನ್ನು ಈ ನೆಲಕ್ಕೆ ಕಟ್ಟಿಹಾಕಿದ ಪುರಾವೆ ಅವತ್ತು ಅವನ ಕೈಯಲ್ಲೇ ಇತ್ತು.

ನಮ್ಮ ವೀಸಾ ಬಂತು, ಅವನದು ಬರಲಿಲ್ಲ. ಮೇಲ್ಮನವಿಗೆ ಅವಕಾಶವಿದೆ, ಹೊಸದಾಗಿಯೂ ಅರ್ಜಿ ಹಾಕಬಹುದು. ಹಾಗೆಂದು ತಿರಸ್ಕಾರ ಮರೆತುಹೋಗುವಂಥದ್ದಲ್ಲ. ಅದು ಷೆಂಗೆನ್ ದೇಶಗಳೆಲ್ಲ ನೋಡಬಹುದಾದ ದಾಖಲೆಯಲ್ಲಿ ಐದು ವರ್ಷ ಉಳಿಯುತ್ತದೆ. ನಾವು ಹೊರಡುವ ಹಿಂದಿನ ದಿನ ಅವನು ಒಂದು ಚೀಲ ತಂದಿಟ್ಟ. ಒಳಗೆ ಸುಲಿದ ತೆಂಗಿನಕಾಯಿ, ಜೊತೆಗೆ ಅಟ್ಟದಿಂದ ಆರಿಸಿ ತೆಗೆದ ಉಂಡೆ ಕೊಬ್ಬರಿ. "ನಿಮ್ಮ ಮಗಳಿಗೆ ಕೊಡಿ" ಎಂದ. ನನ್ನಾಕೆ ಕಾಯಿಸಿಟ್ಟ ತುಪ್ಪವೂ ಅಲ್ಲೇ ಇತ್ತು.

ವಸ್ತುಗಳಿಗೂ ಪ್ರವೇಶದ ನಿಯಮವಿದೆ ಎಂದು ಆಗ ತಿಳಿಯಿತು. ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ಒಯ್ಯುವುದನ್ನು ಐರೋಪ್ಯ ಒಕ್ಕೂಟ ತಡೆದಿದೆ, ದನಕರುಗಳ ರೋಗ ದಾಟದಿರಲಿ ಎಂದು. ಹಾಗಾಗಿ ತುಪ್ಪ ಮನೆಯಲ್ಲೇ ಉಳಿಯಿತು. ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದರಿಂದ ಬಿಡುಗಡೆ ಇರುವುದು ಐದಕ್ಕೆ ಮಾತ್ರ: ಅನಾನಸ್, ಬಾಳೆ, ಖರ್ಜೂರ, ದೂರಿಯನ್, ತೆಂಗಿನಕಾಯಿ. ಕೊಬ್ಬರಿಗೆ ಅಡ್ಡಿಯಾದದ್ದು ವಿಮಾನ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಅವನ ತೋಟದ ಕಾಯಿ ನಮ್ಮ ಸಾಮಾನಿನೊಳಗೆ ಕೂತು ಯೂರೋಪಿಗೆ ಹೋಯಿತು. ಅದನ್ನು ಬೆಳೆದವನು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟ.

ಫ್ರಾಂಕ್‌ಫರ್ಟಿನ ನಿಲ್ದಾಣದಲ್ಲಿ ಗಾಜಿನ ಹಿಂದಿದ್ದ ಅಧಿಕಾರಿ ಯಾಕೆ ಬಂದಿರಿ, ಎಲ್ಲಿರುತ್ತೀರಿ, ಯಾವಾಗ ಹಿಂತಿರುಗುತ್ತೀರಿ ಎಂದು ಕೇಳಿದ. ವೀಸಾ ಇದ್ದರೂ ಗಡಿಯಲ್ಲಿ ಮತ್ತೆ ಕೇಳುವ ಅಧಿಕಾರ ಅವರಿಗಿದೆ, ಅದಕ್ಕೇ ಮರುಪ್ರಯಾಣದ ಟಿಕೆಟ್ಟು, ವಿಮೆಯ ಪ್ರತಿ ಕೈಯಲ್ಲೇ ಇಟ್ಟುಕೊಂಡಿದ್ದೆವು. ಆತ ಮುದ್ರೆ ಒತ್ತಿದ. ಅಂಗೈಗಿಂತ ಚಿಕ್ಕ ಚೌಕದಲ್ಲಿ ನಕ್ಷತ್ರಗಳ ನಡುವೆ ದೇಶದ ಅಕ್ಷರ, ಒಂದು ಮೂಲೆಯಲ್ಲಿ ವಿಮಾನದ ಚಿತ್ರ, ಒಳಬಂದವರೆಂದು ತೋರಿಸುವ ಒಂದು ಬಾಣ, ತಾರೀಖು. ಇನ್ನು ಮುಂದೆ ಹೋಗುವವರ ಪಾಸ್‌ಪೋರ್ಟಿನಲ್ಲಿ ಅದೂ ಇರುವುದಿಲ್ಲ. 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಶುರುವಾಗಿದೆ. ಗಡಿಯಲ್ಲಿ ಮುಖದ ಚಿತ್ರ, ಬೆರಳಚ್ಚು ತೆಗೆದು ಯಾರು ಯಾವತ್ತು ಒಳಬಂದರು, ಯಾವತ್ತು ಹೊರಹೋದರು ಎಂಬುದನ್ನು ಗಣಕವೇ ಬರೆದಿಟ್ಟುಕೊಳ್ಳುತ್ತದೆ.

ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ತಗ್ಗಿನಲ್ಲಿರುವ ಊರು. ನೆಕ್ಕರ್ ನದಿಯ ಇಳಿಜಾರುಗಳಲ್ಲಿ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆದಿದ್ದಾರೆ. ಊರಂಚಿನ ಹುಲ್ಲುಗಾವಲುಗಳಲ್ಲಿ ಹಳೆಯ ಸೇಬಿನ ಮರಗಳು. ರಾತ್ರಿ ಒಂಬತ್ತಾದರೂ ಬೆಳಕಿರುತ್ತಿತ್ತು. ನದಿಯಲ್ಲಿ ನೀರು ದಡದ ಮಟ್ಟಕ್ಕೆ ಒಂದೇ ಸಮ ಹರಿಯುವುದನ್ನು ನೋಡುತ್ತ ನಿಂತರೆ, ಹೇಮಾವತಿ ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂದು ಊರಿಗೆ ಫೋನು ಮಾಡುವ ಮನಸ್ಸಾಗುತ್ತಿತ್ತು. ಮಾಡಿದರೆ ಅವನೇ ಎತ್ತುತ್ತಿದ್ದ.

ಒಂದು ಭಾನುವಾರ ಮಗಳ ಪರಿಚಯದ ಕನ್ನಡ ಮನೆಗಳವರು ಉದ್ಯಾನವೊಂದರಲ್ಲಿ ಸೇರಿದರು. ಚಿತ್ರಾನ್ನ, ಕೋಸಂಬರಿ, ಗೆಳೆಯನ ಕಾಯಿ ತುರಿದು ಮಾಡಿದ ಒಬ್ಬಟ್ಟು. ಅಲ್ಲಿ ನಮ್ಮಂತೆ ಬಂದಿದ್ದ ಅಜ್ಜ ಅಜ್ಜಿಯರು ಹಲವರಿದ್ದರು. ಮಾತೆಲ್ಲ ದಿನಗಳದ್ದೇ. ಸೊಸೆಯ ಅಮ್ಮ ಬಂದು ಬಾಣಂತನ ಮಾಡಿ ತೊಂಬತ್ತು ದಿನ ತುಂಬುವ ಹೊತ್ತಿಗೆ ಮಗನ ಅಮ್ಮ ಬಂದಿಳಿಯಬೇಕು. ಅವರ ತೊಂಬತ್ತು ಮುಗಿಯುವಾಗ ಮತ್ತೆ ಇವರು ಬರಬಹುದೇ ಎಂದು ಹಿಂದಿನ ನೂರೆಂಬತ್ತು ದಿನ ಎಣಿಸಬೇಕು. ಹಾಸನದ ಕಡೆಯ ಒಬ್ಬ ಅಮ್ಮ, "ಮಗು ಬೋರಲು ಬೀಳೋದು ನೋಡಿದೆ, ಅಂಬೆಗಾಲು ನೋಡಕ್ಕೆ ಆಗಲ್ಲ" ಎಂದರು. ಒಂದು ದಿನ ಮೀರಿದರೂ ಮುಂದಿನ ವೀಸಾಕ್ಕೆ ತೊಡಕು ಎಂಬುದು ಅವರಿಗೆಲ್ಲ ಬಾಯಿಪಾಠ. ಅಷ್ಟು ಎಚ್ಚರದಿಂದ ದಿನ ಎಣಿಸಿ ಹೊರಡುವ ಈ ಹಿರಿಯರ ನಡುವೆ ಕೂತು, ನನ್ನ ಗೆಳೆಯನೂ ಹೀಗೆಯೇ ಎಣಿಸಿ ಹೊರಡುತ್ತಿದ್ದ ಎಂದುಕೊಂಡೆ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲ ಮಾಡಿದ್ದಾರೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ ಸಿಗಬಹುದು. ಒಮ್ಮೆ ಹೋಗಿ ಬಂದವರ ಮಾತಿಗೆ ಬೆಲೆ ಬಂದಿದೆ. ಮೊದಲ ಬಾಗಿಲನ್ನೇ ದಾಟದವರ ಪಾಡು ಮಾತ್ರ ಇದ್ದಲ್ಲೇ ಇದೆ.

ನನ್ನಾಕೆಗೆ ಲಂಡನ್ನಿನ ಬಸವಣ್ಣನ ಪ್ರತಿಮೆ ನೋಡುವ ಆಸೆಯಿತ್ತು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡದ್ದನ್ನು ಟಿ.ವಿ.ಯಲ್ಲಿ ನೋಡಿದ್ದಳು. ಸಿದ್ಧಗಂಗೆಯ ಭಕ್ತರ ಮನೆಯಲ್ಲಿ ಹುಟ್ಟಿದವಳು. ಬ್ರಿಟನ್ ಷೆಂಗೆನ್ ಕೂಟದಲ್ಲಿಲ್ಲ, ಅಲ್ಲಿಗೆ ಬೇರೆಯೇ ವೀಸಾ. ಸಾಲದ್ದಕ್ಕೆ ನಮ್ಮದು ಒಂದೇ ಪ್ರವೇಶದ ವೀಸಾ, ಹೊರಗೆ ಕಾಲಿಟ್ಟರೆ ಮತ್ತೆ ಮಗಳ ಮನೆಗೆ ಬರುವಂತಿರಲಿಲ್ಲ. ಮಗಳು ಇದನ್ನೆಲ್ಲ ಬಿಡಿಸಿ ಹೇಳಿದಾಗ, "ಬಸವಣ್ಣ ನಮ್ಮಲ್ಲೂ ಇದಾನೆ ಬಿಡು" ಎಂದು ಸುಮ್ಮನಾದಳು.

ಮೇಲಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಭಾಷೆ ಬಾರದಿದ್ದರೂ ನನ್ನಾಕೆಗೂ ಅವರಿಗೂ ಅಡುಗೆಮನೆಯಲ್ಲಿ ಬಳಕೆಯಾಯಿತು. ಒಂದು ದಿನ ಆ ಸೀಮೆಯ ಷ್ಪೆಟ್ಸ್‌ಲೆ ಮಾಡಲು ಕರೆದರು. ಮೈದಾಹಿಟ್ಟು, ಮೊಟ್ಟೆ ಕಲಸಿದ ಹಿಟ್ಟನ್ನು ನಮ್ಮ ಶಾವಿಗೆ ಒರಳಿನಂತೆಯೇ ಇರುವ ಕೈಯೊತ್ತಿನಲ್ಲಿಟ್ಟು ಕುದಿಯುವ ನೀರಿಗೆ ಒತ್ತುತ್ತಾರೆ. ನೀರಿನ ಮೇಲೆ ತೇಲಿ ಬಂದ ಎಳೆಗಳನ್ನು ಸೋಸಿ, ಗಟ್ಟಿಯಾದ ಬೇಳೆಯ ಸಾರಿನೊಂದಿಗೆ ಬಡಿಸುತ್ತಾರೆ. ಬೇಳೆಗೆ ಸಾಸೇಜ್ ಹಾಕುವುದು ಅವರ ವಾಡಿಕೆ, ನಮಗಾಗಿ ಬಿಟ್ಟಿದ್ದರು. ಮೊಟ್ಟೆ ನಾವು ತಿನ್ನುತ್ತೇವೆ ಎಂದು ಮೊದಲೇ ಕೇಳಿ ತಿಳಿದಿದ್ದರು. ಒಂದು ಹನಿ ವಿನಿಗರ್ ಬಿಟ್ಟು ತಿಂದರೆ ಹುಣಸೆ ಹುಳಿ ಹಾಕಿದ ಬೇಳೆಯ ನೆನಪು ಬರುತ್ತದೆ.

ಊಟವಾದ ಮೇಲೆ ಮಗಳ ಮೂಲಕ ಗೆಳೆಯನ ವಿಷಯ ಹೇಳಿದೆ. ಅವರು ಎದ್ದು ಹೋಗಿ ಒಂದು ಡಬ್ಬಿ ತಂದರು. ಮಡಿಕೆಯಲ್ಲಿ ಸವೆದ ಒಂದು ಗುರುತಿನ ಪುಸ್ತಿಕೆ, ಅವರ ಅಪ್ಪನದು. ಅಜ್ಜಿ ಹುಟ್ಟಿದ್ದು ಈಗಿನ ಚೆಕ್ ದೇಶದ ಬೊಹೀಮಿಯದ ಹಳ್ಳಿಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪೂರ್ವ ಯೂರೋಪಿನಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನ್ ಭಾಷಿಕರು ಊರು ತೊರೆಯಬೇಕಾಯಿತು. ಇವರ ಮನೆಯವರು 1946ರಲ್ಲಿ ಕೈಯಲ್ಲಿ ಹೊರುವಷ್ಟು ಸಾಮಾನಿನೊಂದಿಗೆ ರೈಲು ಹತ್ತಿ ಬಂದವರು. 1952ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅಂಥವರಿಗೆ ಪರಿಹಾರ ಕೊಡುವ ಕಾನೂನು ಬಂತು. ಎಷ್ಟು ಹೊಲವಿತ್ತು, ಎಷ್ಟು ದನವಿತ್ತು, ಮನೆಯೆಷ್ಟು ದೊಡ್ಡದು ಎಂದು ಅರ್ಜಿ ತುಂಬಬೇಕಿತ್ತು. ಹೊಲದ ಕಾಗದವೆಲ್ಲ ಬಿಟ್ಟು ಬಂದ ಊರಿನಲ್ಲಿ. ಅದೇ ಹಳ್ಳಿಯಿಂದ ಬಂದು ಬೇರೆ ಬೇರೆ ಕಡೆ ನೆಲೆಸಿದ್ದವರನ್ನು ಅಪ್ಪ ಹುಡುಕಿಕೊಂಡು ಹೋದನಂತೆ. ಹೌದು, ಕೆರೆಯ ಪಕ್ಕದ ಆ ಹೊಲ ಇವನದೇ ಎಂದು ಅವರು ಬರೆದುಕೊಟ್ಟರಂತೆ.

ಪುಸ್ತಿಕೆಯನ್ನು ಡಬ್ಬಿಗೆ ಹಾಕುತ್ತ ಅವರು ನನ್ನನ್ನು ಕೇಳಿದರು: "ನಿಮ್ಮ ಗೆಳೆಯನ ಬಗ್ಗೆ ಊರಿನವರನ್ನು ಯಾರೂ ಕೇಳಲಿಲ್ಲವೇ?"

ಕೇಳಲಿಲ್ಲ. ಅದಕ್ಕೆ ಅರ್ಜಿಯಲ್ಲಿ ಜಾಗವೇ ಇಲ್ಲ. ಮರಳಿ ಹೋಗಲಾಗದ ಹೊಲಕ್ಕೆ ಸಾಕ್ಷಿ ಹೇಳಲು ಆ ಮನುಷ್ಯನಿಗೆ ನೆರೆಯವರಿದ್ದರು, ಅವರ ಮಾತನ್ನು ಒಂದು ಸರ್ಕಾರ ನಂಬಿತು. ಬಿಟ್ಟು ಬದುಕಲಾಗದ ತೋಟವಿರುವ ನನ್ನ ಗೆಳೆಯನಿಗೆ ಇಡೀ ಊರೇ ಸಾಕ್ಷಿಯಿದೆ. ಕೇಳುವವರಿಲ್ಲ.

ಕನ್ನಡ ಮೇಷ್ಟ್ರು ಆ ಸೀಮೆಗೆ ಹೋಗಿ ಟ್ಯೂಬಿಂಗೆನ್ ನೋಡದೆ ಬರುವುದುಂಟೇ? ರೈಲಿನಲ್ಲಿ ಹತ್ತಿರ. ನೆಕ್ಕರ್ ದಂಡೆಯ ಹಳೆಯ ಮನೆಗಳು, ಕೋಲು ಹಾಕಿ ನಡೆಸುವ ಉದ್ದನೆಯ ದೋಣಿಗಳು, ಎಲ್ಲೆಲ್ಲೂ ವಿದ್ಯಾರ್ಥಿಗಳು. 1894ರಲ್ಲಿ ಹೊರಬಂದ ಕನ್ನಡ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್‌ಗೆ ಅವರ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇಲ್ಲಿನ ವಿಶ್ವವಿದ್ಯಾಲಯ. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್, ಸ್ಟುಟ್‌ಗಾರ್ಟಿನ ಮಗ್ಗುಲಲ್ಲೇ ಇದೆ. ಎಷ್ಟೋ ವರ್ಷ ಪಾಠದಲ್ಲಿ ಹೇಳಿದ ಹೆಸರುಗಳ ಊರಿನ ಕಲ್ಲುಹಾಸಿನ ಮೇಲೆ ನಡೆಯುವಾಗ ಎದೆ ತುಂಬಿತ್ತು.

ಅವರು ನಮ್ಮಲ್ಲಿಗೆ ಬಂದದ್ದೂ ಒಂದು ಅನುಮತಿಯ ಕಥೆಯೇ. ಕಂಪನಿ ಸರ್ಕಾರದ ನೆಲಕ್ಕೆ ಬ್ರಿಟಿಷರಲ್ಲದ ಮಿಷನರಿಗಳಿಗೆ ದಾರಿ ತೆರೆದದ್ದು 1833ರ ಸನ್ನದು ಕಾಯಿದೆ. ಮರುವರ್ಷವೇ ಇವರಿಬ್ಬರನ್ನೂ ಕಳಿಸಿದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರು ಸೇರಿದರು. 1836ರಲ್ಲಿ ಮೋಗ್ಲಿಂಗ್ ಬಂದರು, 1853ರಲ್ಲಿ ಕಿಟೆಲ್. ಆ ಅನುಮತಿ ಕೊಟ್ಟವರು ಲಂಡನ್ನಿನಲ್ಲಿದ್ದರು, ಮಂಗಳೂರಿನವರನ್ನು ಯಾರೂ ಕೇಳಿರಲಿಲ್ಲ. ಬಂದವರನ್ನು ಯಾವಾಗ ಹಿಂತಿರುಗುತ್ತೀರಿ ಎಂದೂ ಕೇಳಲಿಲ್ಲ. ಕಿಟೆಲ್ ದಶಕಗಳ ಕಾಲ ನಮ್ಮ ಜನರ ನಡುವೆ ಕೂತು ಮಾತು ಮಾತನ್ನೂ ಕೇಳಿ ಬರೆದುಕೊಂಡರು. ತೊಂಬತ್ತು ದಿನದ ಗಡುವಿನಲ್ಲಿ ಆ ನಿಘಂಟು ಆಗುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಹೀಗೆ ನಮ್ಮ ಭಾಷೆಯನ್ನು ಬೆಳೆಸಿದರು. ಬಾಗಿಲು ಯಾರಿಗೆ, ಯಾರ ಮಾತಿನ ಮೇಲೆ ತೆರೆಯಬೇಕು ಎಂಬುದನ್ನು ಬಲವಿದ್ದವರೇ ತೀರ್ಮಾನಿಸುತ್ತ ಬಂದಿದ್ದಾರೆ ಎಂಬ ವಿಚಾರ ಅಲ್ಲಿಂದ ಮುಂದೆ ನನ್ನನ್ನು ಬಿಡಲಿಲ್ಲ.

ಆಮೇಲೆ ಕೇಲ್. ಗೊತ್ತುಮಾಡಿದ ಜಾಗಕ್ಕೆ ನಾವು ಹೋಗಿಯೇ ಬರಬೇಕೆಂದು ಗೆಳೆಯನೇ ಹಟ ಹಿಡಿದಿದ್ದ. ಎರಡೂ ದಡದಲ್ಲಿ ಒಂದೇ ಉದ್ಯಾನ ಚಾಚಿಕೊಂಡಿದೆ, ನಡುವೆ 2004ರಲ್ಲಿ ಕಟ್ಟಿದ ಕಾಲುಸೇತುವೆ. ಮಕ್ಕಳು ಸೈಕಲ್ ತುಳಿಯುತ್ತ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಬರುತ್ತಿದ್ದರು. ಕೈಯಲ್ಲಿ ಬ್ರೆಡ್ಡು ಹಿಡಿದ ಹೆಂಗಸೊಬ್ಬರು ಫ್ರಾನ್ಸಿನಿಂದ ಜರ್ಮನಿಯ ಮನೆಗೆ ನಡೆದು ಹೊರಟಿದ್ದರು. ಸ್ಟ್ರಾಸ್‌ಬರ್ಗ್ 1871ರಲ್ಲಿ ಜರ್ಮನಿಯದಾಯಿತು, 1918ರಲ್ಲಿ ಫ್ರಾನ್ಸಿನದು, 1940ರಲ್ಲಿ ಮತ್ತೆ ಜರ್ಮನಿಯದು, 1944ರಲ್ಲಿ ಮತ್ತೆ ಫ್ರಾನ್ಸಿನದು. ಈ ನೀರನ್ನು ದಾಟಲು ಲಕ್ಷಾಂತರ ಜನ ಸತ್ತಿದ್ದಾರೆ. ಆ ನೆಲದವರೇ ಕೂತು ಮಾತಾಡಿ, ನಂಬೋಣ ಎಂದು ತೀರ್ಮಾನಿಸಿದ್ದು ನಾನು ಯೂರೋಪಿನಲ್ಲಿ ಕಂಡ ಅತ್ಯಂತ ದೊಡ್ಡ ಸಂಗತಿ.

ಸೇತುವೆಯ ನಡುವೆ ನಿಂತು ವಿಡಿಯೊ ಕರೆ ಮಾಡಿದೆ. ಊರಿನಲ್ಲಿ ಮಧ್ಯಾಹ್ನ ಕಳೆದಿತ್ತು. ಅವನ ಹಿಂದೆ ಕಾಯಿಯ ರಾಶಿ, ಗರಿಗಳ ನೆರಳು. "ಗಡಿ ಎಲ್ಲಿದೆ, ತೋರ್ಸಿ ಮೇಷ್ಟ್ರೇ" ಎಂದ. "ಇಲ್ಲೇ, ನಾನು ನಿಂತಿರೋ ಕಡೆ" ಎಂದು ಫೋನು ಕೆಳಗೆ ಹಿಡಿದೆ. "ಅಲ್ಲೇನೂ ಇಲ್ವಲ್ಲ" ಎಂದ. ಹೌದು, ಏನೂ ಇರಲಿಲ್ಲ, ಹಲಗೆ, ಹಲಗೆಯ ಸಂದಿನಲ್ಲಿ ನೀರು. "ಇಷ್ಟಕ್ಕೇನಾ" ಎಂದ. ಇಬ್ಬರಿಗೂ ಮಾತು ಮುಂದುವರಿಯಲಿಲ್ಲ. ಸೊಸೆ ಮೊಮ್ಮಗಳ ಫೋಟೋ ಕಳಿಸಿದ್ದಾಳೆ, ನೋಡಿ ಎಂದು ಅವನೇ ಮಾತು ತಿರುಗಿಸಿದ.

ಸ್ಟ್ರಾಸ್‌ಬರ್ಗಿನಿಂದ ಮರಳುವಾಗ ಟ್ರಾಮಿನಲ್ಲಿ ಕೇಲ್‌ಗೆ ಬಂದರೆ ಪೊಲೀಸರು ಹತ್ತಿದರು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕವಾಗಿ ತಪಾಸಣೆ ನಡೆಸುತ್ತಿದೆ. ಒಳಗಡೆ ಓಡಾಡುವಾಗಲೂ ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ ಎಂದು ಮಗಳು ಹೇಳಿದ್ದು ಅದಕ್ಕೇ. ವಿನಯವಾಗಿಯೇ ನೋಡಿ ಹಿಂದಿರುಗಿಸಿದರು. ನಂಬಿಕೆಯೆಂಬುದು ಒಮ್ಮೆ ಸಹಿ ಹಾಕಿದರೆ ಉಳಿಯುವಂಥದ್ದಲ್ಲ, ಅಲ್ಲಿಯೂ ಅದನ್ನು ದಿನವೂ ಕಾಯಬೇಕಾಗಿದೆ ಎನ್ನಿಸಿತು.

ಗಡುವಿಗೆ ಮುಂಚೆಯೇ ನಾವು ಊರು ಸೇರಿದೆವು. ಬಂದ ಮೇಲೆ ನಾನೂ ಗೆಳೆಯನೂ ಮೊದಲು ಮಾಡಿದ ಕೆಲಸ ಅವನ ಅಣ್ಣತಮ್ಮಂದಿರನ್ನು ಒಂದೆಡೆ ಕೂರಿಸಿದ್ದು. ತಂದೆಯ ಮರಣ ಪ್ರಮಾಣಪತ್ರ ತೆಗೆಸಿದೆವು. ವಂಶವೃಕ್ಷಕ್ಕೆ ಸಿ.ಎಸ್. ಪುರದ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ಮಹಜರು ಮಾಡಿದರು. ಇವರು ಇಂಥವರ ಮಕ್ಕಳು, ಇಷ್ಟು ವರ್ಷದಿಂದ ಈ ಜಮೀನಿನ ಅನುಭವದಲ್ಲಿದ್ದಾರೆ ಎಂದು ಅಕ್ಕಪಕ್ಕದ ತೋಟದವರು ಹೇಳಿದರು, ನಾನೂ ಹೇಳಿದೆ, ಎಲ್ಲರೂ ಸಹಿ ಹಾಕಿದೆವು. ಜರ್ಮನಿಯ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಕೊನೆಗೂ ಒಂದು ಕಾಗದದ ಮೇಲೆ ಬಂತು. ನೋಟಿಸಿನ ಅವಧಿ ಕಳೆದು ಖಾತೆ ಬದಲಾಯಿತು. ಈಗ ಪಹಣಿಯಲ್ಲಿ ಅವನ ಹೆಸರಿದೆ. ಕಾಯಿ ಮಾರಿದ ಹಣವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳುತ್ತಿದ್ದಾನೆ.

ನಮ್ಮ ಹೋಬಳಿಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ಮನೆಗಳು ಈಗ ಕಡಿಮೆಯಿಲ್ಲ. ಅವರಿಗೆಲ್ಲ ನಾನು ಹೇಳುವುದು ಇಷ್ಟು. ಟಿಕೆಟ್ಟಿನ ಯೋಚನೆಗೆ ಮೊದಲು ಪಹಣಿ ನೋಡಿಕೊಳ್ಳಿ, ಹೆಸರುಗಳನ್ನು ಹೊಂದಿಸಿಕೊಳ್ಳಿ, ವ್ಯವಹಾರ ಪಾಸ್‌ಬುಕ್ಕಿನಲ್ಲಿ ಕಾಣಲಿ. ಯಾರು ತಮ್ಮ ಮನೆಯೊಳಗೆ ಬರಬೇಕು ಎಂದು ಕೇಳುವ ಹಕ್ಕು ಆ ದೇಶಗಳಿಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಸಂಬಳದ ಚೀಟಿಯಿರುವವನಷ್ಟೇ ಊರಿಗೆ ಅಂಟಿಕೊಂಡವನು ಎಂದು ತಿಳಿಯುವ ಕಣ್ಣಿಗೆ ರೈತ ಕಾಣುವುದೇ ಇಲ್ಲ. ಹಳ್ಳಿಯ ಮುದುಕ ಮುದುಕಿಯರ ಅರ್ಜಿ ಬಂದಾಗ ಒಮ್ಮೆ ಎದುರು ಕೂರಿಸಿ ಮಾತಾಡಿಸಲಿ, ಪಂಚಾಯಿತಿಯ ಒಂದು ಮಾತಿಗೆ ಅರ್ಜಿಯಲ್ಲಿ ಜಾಗ ಕೊಡಲಿ. ನೂರಾರು ವರ್ಷ ಬಡಿದಾಡಿದ ಫ್ರಾನ್ಸ್ ಜರ್ಮನಿಗಳಿಗೆ ಒಬ್ಬರನ್ನೊಬ್ಬರು ನಂಬುವುದು ಸಾಧ್ಯವಾಗಿರುವಾಗ, ಮೊಮ್ಮಗಳನ್ನು ನೋಡಲು ಬರುವ ತೆಂಗು ಬೆಳೆಗಾರನನ್ನು ನಂಬುವುದು ಅಸಾಧ್ಯವೇನಲ್ಲ. ಮುಂದಿನ ಸಲ ಕಾಯಿ ಕೀಳುವುದು ಮುಗಿಯುತ್ತಿದ್ದಂತೆ ಅವನು ಮತ್ತೆ ಅರ್ಜಿ ಹಾಕುತ್ತಾನೆ. ಜೊತೆಗೆ ಇಡುವ ಪತ್ರವನ್ನು ನಾನೇ ಬರೆಯುತ್ತಿದ್ದೇನೆ, ಮಹಜರಿಗೆ ಸಹಿ ಹಾಕಿದ ನೆರೆಯವರೆಲ್ಲ ಅದಕ್ಕೂ ಸಹಿ ಹಾಕಲು ಒಪ್ಪಿದ್ದಾರೆ.